ಸದ್ದಿನ ಲೆಕ್ಕ ವ್ಯಾಟಿನಲ್ಲಿ

ನಡುಮನೆಯಲ್ಲಿ ಟಿವಿ ಪಕ್ಕ ಇಡಲು ಸದ್ದು ಮಾಡದ ಕಂಪ್ಯೂಟರ್ ಬೇಕೆಂದು ಹೊರಟವರು ಮೊದಲು ಹುಡುಕುವುದು ದುಬಾರಿ ಫ್ಯಾನುಗಳನ್ನು. ವಿಚಾರಿಸಬೇಕಾದ್ದು ಬೇರೆ: ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತದೆ? ಕಂಪ್ಯೂಟರ್ ಎಳೆದ ಕರೆಂಟು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವಾಗುತ್ತದೆ. ಅದನ್ನು ಹೊರಗೆ ದಬ್ಬಲಿಕ್ಕೇ ಫ್ಯಾನು ತಿರುಗುವುದು. ಶಾಖವೇ ಹುಟ್ಟದಿದ್ದರೆ ಫ್ಯಾನಿಗೇನು ಕೆಲಸ?

ಸಿನಿಮಾ ನೋಡಲು, ಫೋಟೊ, ಹಾಡು ಕೂಡಿಡಲು ಭಾರಿ ಯಂತ್ರ ಬೇಕಿಲ್ಲ. ವಿಡಿಯೊ ಕಡತದಲ್ಲಿ ಚಿತ್ರಗಳನ್ನು ಒತ್ತಿ ಕಿರಿದಾಗಿಸಿರುತ್ತಾರೆ. ಅವನ್ನು ಬಿಡಿಸಿ ಪರದೆಗೆ ಕಳಿಸುವುದೇ ಇಲ್ಲಿನ ದೊಡ್ಡ ಕೆಲಸ. ಪ್ರೊಸೆಸರಿನ ಸಾಮಾನ್ಯ ಕೋರ್‌ಗಳೇ ಇದನ್ನು ಮಾಡಹೊರಟರೆ 4ಕೆ ಚಿತ್ರಕ್ಕೆ ಏದುಸಿರು ಬರುತ್ತದೆ. ಚಿಪ್ಪಿನೊಳಗೆ ಇದಕ್ಕೆಂದೇ ಪ್ರತ್ಯೇಕ ಭಾಗವಿದ್ದರೆ ಕೆಲವೇ ವ್ಯಾಟ್‌ನಲ್ಲಿ ಮುಗಿಯುತ್ತದೆ. 2023ರಲ್ಲಿ ಬಂದ ಇಂಟೆಲ್‌ನ ಎನ್100 ಚಿಪ್ಪಿನ ನಿಗದಿತ ಬಳಕೆ 6 ವ್ಯಾಟ್. ಎಚ್‌ಇವಿಸಿ, ವಿಪಿ9, ಎವಿ1 ಮೂರು ಬಗೆಯ ವಿಡಿಯೊವನ್ನೂ ಅದು ಹೀಗೆ ಬಿಡಿಸಬಲ್ಲದು. ಫ್ಯಾನೇ ಇಲ್ಲದ, ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳಿರುವ ಪೆಟ್ಟಿಗೆ ಅದಕ್ಕೆ ಸಾಕು.

ಒಂದು ತಕರಾರಿದೆ. ರೆಕ್ಕೆಗಳು ಶಾಖ ಬಿಟ್ಟುಕೊಡುವುದು ಕೋಣೆಯ ಗಾಳಿ ತಮಗಿಂತ ತಣ್ಣಗಿದ್ದಾಗ ಮಾತ್ರ. ಬೆಂಗಳೂರಿನ 25 ಡಿಗ್ರಿಯಲ್ಲಿ 55ಕ್ಕೆ ನಿಲ್ಲುವ ಪೆಟ್ಟಿಗೆ, ಕಲಬುರಗಿಯ ಮೇ ತಿಂಗಳ 40 ಡಿಗ್ರಿಯಲ್ಲಿ 70ರ ಹತ್ತಿರ ಹೋಗುತ್ತದೆ. ಅಲ್ಲಿಯವರು ಒಂದು ಫ್ಯಾನು ಇಟ್ಟುಕೊಳ್ಳುವುದೇ ಲೇಸು. ಆದರೆ ದೊಡ್ಡದನ್ನು ಇಟ್ಟುಕೊಳ್ಳಲಿ.

ಯಾಕೆಂದರೆ ಫ್ಯಾನು ತಳ್ಳುವ ಗಾಳಿ ಅದರ ವೇಗದಷ್ಟೇ ಏರಿದರೆ, ಸದ್ದು ವೇಗದ ಸುಮಾರು ಐದನೇ ಘಾತದಲ್ಲಿ ಏರುತ್ತದೆ. ವೇಗವನ್ನು ಅರ್ಧಕ್ಕಿಳಿಸಿ: ಗಾಳಿ ಅರ್ಧವಾಗುತ್ತದೆ, ಸದ್ದಿನ ಶಕ್ತಿ ಮೂವತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 15ರಷ್ಟು ಇಳಿಕೆ. ಕಿರುಚಿಕೊಂಡು ಓಡುವ 80 ಮಿಮೀ ಫ್ಯಾನಿಗಿಂತ ಸೋಮಾರಿಯಾಗಿ ತಿರುಗಿಯೂ ಅಷ್ಟೇ ಗಾಳಿ ತಳ್ಳುವ 140 ಮಿಮೀ ಫ್ಯಾನು ವಾಸಿ ಎನ್ನುವುದು ಇದಕ್ಕೇ. ನಾಲ್ಕು ಪಿನ್ನಿನದನ್ನೇ ಕೊಳ್ಳಿ. ಅದರ ವೇಗವನ್ನು ಮದರ್‌ಬೋರ್ಡ್ ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಸಂಕೇತದಿಂದ ಹಿಡಿತದಲ್ಲಿಡುತ್ತದೆ. ಮನುಷ್ಯರ ಕಿವಿ 20,000ಕ್ಕೇ ಸೋಲುವುದರಿಂದ ಆ ಮಿಡಿತ ನಮಗೆ ಕೇಳದು. ಮನೆಯ ಬೆಕ್ಕಿನ ಅಭಿಪ್ರಾಯ ಬೇರೆಯಿರಬಹುದು.

ಫ್ಯಾನು ಸುಮ್ಮನಾದ ಮೇಲೆ ಹಾರ್ಡ್ ಡಿಸ್ಕ್ ಕೇಳತೊಡಗುತ್ತದೆ. ಇದರ ಸದ್ದಿನ ಜಾತಿಯೇ ಬೇರೆ. ಒಳಗಿನ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗಿದರೆ ಸೆಕೆಂಡಿಗೆ 120 ಕಂಪನ. 5,400 ಸುತ್ತಾದರೆ 90. ಈ ಗುಂಯ್‌ಗುಡುವಿಕೆ ಡಿಸ್ಕಿನಲ್ಲಿ ಅಲ್ಪವೇ. ಸ್ಕ್ರೂಗಳ ಮೂಲಕ ತಗಡಿನ ಪೆಟ್ಟಿಗೆಗೆ ದಾಟಿ, ಅಲ್ಲಿಂದ ಮರದ ಶೆಲ್ಫಿಗೆ ಇಳಿದಾಗ ಬೆಳೆಯುತ್ತದೆ, ತಂಬೂರಿಯ ತಂತಿಯ ಕಂಪನ ಬುರುಡೆಯಲ್ಲಿ ತುಂಬಿಕೊಳ್ಳುವ ಹಾಗೆ. ಎರಡು ಡಿಸ್ಕುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರಂತೂ ಸದ್ದು ನಿಧಾನಕ್ಕೆ ಏರುತ್ತ ಇಳಿಯುತ್ತ ತಲೆ ತಿನ್ನುತ್ತದೆ. ಪೆಟ್ಟಿಗೆಯ ಒಳಗೋಡೆಗೆ ಸ್ಪಂಜು ಅಂಟಿಸಿದರೆ ಈ ತಗ್ಗು ದನಿಗೆ ಹೆಚ್ಚೇನೂ ಆಗದು, ಸೆಕೆ ಮಾತ್ರ ಒಳಗುಳಿಯುತ್ತದೆ. ಡಿಸ್ಕಿಗೂ ತಗಡಿಗೂ ನಡುವೆ ಮೆತ್ತನೆಯ ರಬ್ಬರ್ ಬುಷ್ ಹಾಕಿದರೆ ಪ್ರಯೋಜನವುಂಟು.

ಅದಕ್ಕಿಂತ ನನಗೆ ಹಿಡಿಸಿದ್ದು ಪಾಲು ಮಾಡುವ ದಾರಿ. ಟಿವಿ ಪಕ್ಕದ ಪೆಟ್ಟಿಗೆಯಲ್ಲಿ ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಮಾತ್ರ. ದೊಡ್ಡ ಡಿಸ್ಕುಗಳ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿ. ನಡುವೆ ಒಂದು ನೆಟ್‌ವರ್ಕ್ ಕೇಬಲ್. 4ಕೆ ಬ್ಲೂ-ರೇ ಚಿತ್ರ ಹೆಚ್ಚೆಂದರೆ ಸೆಕೆಂಡಿಗೆ 128 ಮೆಗಾಬಿಟ್ ಕೇಳುತ್ತದೆ. ಸಾಮಾನ್ಯ ಗಿಗಾಬಿಟ್ ಕೇಬಲ್ ಅದರ ಏಳು ಪಟ್ಟು ಹೊರುತ್ತದೆ. ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪನ್ನೇ ಸ್ಟೋರ್ ರೂಮಿಗೆ ಹಾಕಬಹುದಲ್ಲ ಎನಿಸುತ್ತದೆ. ಅದು 60 ವ್ಯಾಟ್‌ನಂತೆ ಹಗಲಿರುಳು ಉರಿದರೆ ವರ್ಷಕ್ಕೆ 525 ಯೂನಿಟ್. 10 ವ್ಯಾಟಿನ ಯಂತ್ರಕ್ಕೆ 88 ಸಾಕು.

ಸ್ಟೋರ್ ರೂಮಿನ ಪೆಟ್ಟಿಗೆಗೆ ಒಂದು ಸಣ್ಣ ಯುಪಿಎಸ್ ಇರಲಿ, ಬರೆಯುವ ನಡುವೆ ಕರೆಂಟು ಹೋದರೆ ಕಡತ ಕೆಡುತ್ತದೆ. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ 1 ವ್ಯವಸ್ಥೆ, ಒಂದು ಡಿಸ್ಕ್ ಕೈಕೊಟ್ಟಾಗ ಕಾಪಾಡುತ್ತದೆ. ಆದರೆ ಯಾರೋ ತಪ್ಪಿ ಮದುವೆ ಫೋಟೊ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಹಾಗಾಗಿ ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಬೇಕು. ಅದನ್ನು ಪ್ರತಿ ತೆಗೆಯುವಾಗ ಮಾತ್ರ ಜೋಡಿಸಿ, ಮಿಕ್ಕ ಹೊತ್ತು ನೆಂಟರ ಮನೆಯಲ್ಲಿಟ್ಟರೂ ಆದೀತು.