ತಲೆಯಾಡಿಸಿದರೆ ಆಟ ನಡೆದೀತೇ?

ಮನೆಯ ಹಜಾರದಲ್ಲಿ ಟಿ.ವಿ.ಗೆ ಗೇಮ್ ಪೆಟ್ಟಿಗೆ ಜೋಡಿಸಿಕೊಂಡು ಕಾರಿನ ರೇಸ್ ಆಡುತ್ತಿರುವ ಹುಡುಗನನ್ನು ಒಮ್ಮೆ ಗಮನಿಸಿ ನೋಡಿ. ತೆರೆಯ ಮೇಲಿನ ರಸ್ತೆ ಎಡಕ್ಕೆ ತಿರುಗಿದರೆ ಅವನ ತಲೆಯೂ ಎಡಕ್ಕೆ ವಾಲುತ್ತದೆ. ಎದುರಿಗೆ ಲಾರಿ ನುಗ್ಗಿದರೆ ಕುತ್ತಿಗೆ ಹಿಂದಕ್ಕೆ ಸರಿಯುತ್ತದೆ. ಗೋಡೆಯ ಮರೆಯಲ್ಲಿ ಶತ್ರು ಅಡಗಿದ್ದಾನೆ ಎನಿಸಿದರೆ, ಟಿ.ವಿ.ಯ ಅಂಚಿನಾಚೆಗೆ ಇಣುಕುವವನಂತೆ ಕತ್ತು ಚಾಚುತ್ತಾನೆ. ಪೆಟ್ಟಿಗೆಗೆ ಇದಾವುದೂ ತಿಳಿಯದು. ಅದಕ್ಕೆ ಗೊತ್ತಿರುವುದು ಅವನ ಎರಡು ಹೆಬ್ಬೆರಳುಗಳು ಮತ್ತು ಅವು ಒತ್ತುವ ಗುಂಡಿಗಳು ಮಾತ್ರ.

ಹೀಗೆ ವ್ಯರ್ಥವಾಗುವ ತಲೆಯಾಟವನ್ನೂ ಆಟಕ್ಕೆ ದುಡಿಸಿಕೊಂಡರೆ ಹೇಗೆ ಎಂಬ ಆಲೋಚನೆ ಹೊಸದಲ್ಲ. ಇದಕ್ಕೆ ‘ಹೆಡ್ ಟ್ರ್ಯಾಕಿಂಗ್’ ಎಂದು ಹೆಸರು. ಆಟಗಾರನ ತಲೆ ಎತ್ತ ತಿರುಗಿದೆ, ಎಷ್ಟು ಬಾಗಿದೆ ಎಂಬುದನ್ನು ಯಂತ್ರ ಕ್ಷಣಕ್ಷಣಕ್ಕೂ ಅಳೆದು, ತೆರೆಯ ಮೇಲಿನ ದೃಶ್ಯವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತ ಹೋಗುವ ವ್ಯವಸ್ಥೆ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆ ಕೈ ಹಾಕಿವೆ, ಕೆಲವು ಕೈ ಸುಟ್ಟುಕೊಂಡಿವೆ. ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳಲ್ಲಿ ಗೇಮ್ ಕನ್ಸೋಲ್ ಕೊಳ್ಳುವುದೆಂದರೆ ಮನೆಮಂದಿಯೆಲ್ಲ ಕೂತು ತೀರ್ಮಾನಿಸುವ ವಿಷಯ. ಅದರ ಮೇಲೆ ತಲೆಗೊಂದು ಪ್ರತ್ಯೇಕ ಸಾಧನವನ್ನೂ ದುಡ್ಡು ಕೊಟ್ಟು ತರುವಷ್ಟು ಅದರಲ್ಲಿ ಹುರುಳಿದೆಯೇ?

ತಲೆಯ ಜಾಡು ಹಿಡಿಯುವ ಬಗೆ

ತಲೆಯ ಚಲನೆಯನ್ನು ಆರು ಬಗೆಯಾಗಿ ವಿಂಗಡಿಸಬಹುದು. ‘ಹೌದು’ ಎಂದು ಮೇಲೆ ಕೆಳಗೆ ಆಡಿಸುವುದು, ‘ಇಲ್ಲ’ ಎಂದು ಅಡ್ಡಡ್ಡ ಆಡಿಸುವುದು, ಭುಜದ ಕಡೆಗೆ ವಾಲಿಸುವುದು - ಇವು ಮೂರು ತಿರುಗಾಟಗಳು. ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ ಸರಿಯುವುದು ಇನ್ನು ಮೂರು.

ಇವನ್ನು ಅಳೆಯುವ ಮೊದಲ ಪ್ರಯತ್ನಗಳಲ್ಲೊಂದು 1968ರದು. ಅಮೆರಿಕದ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ಕಟ್ಟಿದ ತಲೆಗವಸು ಎಷ್ಟು ಭಾರವಾಗಿತ್ತೆಂದರೆ ಅದನ್ನು ಸೂರಿನಿಂದ ತೂಗುಹಾಕಬೇಕಾಗಿತ್ತು. ಈಗ ಮೂರು ಸುಲಭ ದಾರಿಗಳಿವೆ. ಟೋಪಿಯ ಅಂಚಿಗೆ ಹೊಳೆಯುವ ಚುಕ್ಕೆಗಳನ್ನು ಅಂಟಿಸಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಕ್ಯಾಮೆರಾದಿಂದ ಆ ಚುಕ್ಕೆಗಳನ್ನು ಹಿಂಬಾಲಿಸುವುದು ಒಂದು. ಚುಕ್ಕೆಗಳೇ ಇಲ್ಲದೆ ಸಾಧಾರಣ ಕ್ಯಾಮೆರಾ ಮುಖದ ಕಣ್ಣು, ಮೂಗು, ಬಾಯಿಗಳನ್ನೇ ಗುರುತಿಸುವುದು ಎರಡನೆಯದು. ತಲೆಗೆ ಕಟ್ಟಿದ ಸಾಧನದೊಳಗೇ ಗೈರೋಸ್ಕೋಪ್ ಇಟ್ಟು ತಿರುವುಗಳನ್ನು ಅಳೆಯುವುದು ಮೂರನೆಯದು. ಈ ಗೈರೋಸ್ಕೋಪ್ ನಿಮ್ಮ ಜೇಬಿನ ಮೊಬೈಲ್‌ನಲ್ಲೂ ಇದ್ದೀತು. ಅಂದರೆ ತಂತ್ರಜ್ಞಾನ ದುರ್ಲಭವೂ ಅಲ್ಲ, ದುಬಾರಿಯೂ ಅಲ್ಲ. ತೊಡಕು ಇರುವುದು ಬೇರೆ ಕಡೆ.

ಗುಬ್ಬಿ ಕಂಪನಿಯ ಪರದೆ

ಆ ತೊಡಕನ್ನು ಅರಿಯಲು ತುಮಕೂರಿನಿಂದ 20 ಕಿಲೋಮೀಟರ್ ದೂರದ ಗುಬ್ಬಿಯ ನಾಟಕ ಪರಂಪರೆಯನ್ನು ನೆನೆದರೆ ಸಾಕು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೇ ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಗುಬ್ಬಿ ಕಂಪನಿ. ಕಂಪನಿ ನಾಟಕಗಳೆಂದರೆ ಬಣ್ಣದ ಪರದೆಗಳು: ಅರಮನೆ, ರಾಜಬೀದಿ, ಕಾಡು. ಸಾಲುಕಂಬಗಳು ದೂರದೂರಕ್ಕೆ ಚಿಕ್ಕದಾಗುತ್ತ ಹೋಗುವಂತೆ ಬರೆದ ಪರದೆ ನಟ್ಟನಡುವೆ ಕೂತವನಿಗೆ ಆಳವಾದ ಓಣಿಯಂತೆ ಕಾಣುತ್ತದೆ. ಮೂಲೆಯ ಬೆಂಚಿನವನಿಗೆ ಅದೇ ಓಣಿ ಸೊಟ್ಟ. ಅಷ್ಟೇ ಅಲ್ಲ, ನೀವು ಎಷ್ಟೇ ಕತ್ತು ಚಾಚಿದರೂ ಬರೆದ ಕಂಬದ ಹಿಂದೆ ಏನಿದೆ ಎಂಬುದು ಕಾಣದು. ನಿಜವಾದ ಕಂಬವಾದರೆ ತಲೆ ಅಷ್ಟು ಸರಿಸಿದರೂ ಹಿಂದಿನದು ಇಣುಕುತ್ತದೆ. ‘ಕುರುಕ್ಷೇತ್ರ’ ನಾಟಕದಲ್ಲಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಾಗ ಜನ ಬೆರಗಾದದ್ದು ಸುಮ್ಮನೆ ಅಲ್ಲ. ಆ ಆನೆ ಎಲ್ಲ ಬೆಂಚಿಗೂ ನಿಜವಾದ ಆನೆ.

ಟಿ.ವಿ. ತೆರೆಯೂ ಬರೆದ ಪರದೆಯೇ. ತಲೆಯ ಜಾಡು ಹಿಡಿಯುವ ಸಾಧನ ಆ ಪರದೆಯನ್ನು ನಿಮ್ಮ ತಲೆಗೆ ಸರಿಯಾಗಿ ಕ್ಷಣಕ್ಷಣವೂ ಹೊಸದಾಗಿ ಬರೆಯುತ್ತದೆ. ನೀವು ಎಡಕ್ಕೆ ಸರಿದರೆ ಕಂಬದ ಬಲಬದಿಯದು ಮರೆಯಾಗಿ ಎಡಬದಿಯದು ಕಾಣುತ್ತದೆ. 2007ರ ಡಿಸೆಂಬರ್‌ನಲ್ಲಿ ಜಾನಿ ಲೀ ಎಂಬ ಸಂಶೋಧಕ ಇದನ್ನು ಅತಿ ಅಗ್ಗವಾಗಿ ಮಾಡಿ ತೋರಿಸಿದ. ನಿಂಟೆಂಡೋ ವೀ ಕನ್ಸೋಲ್‌ನ ರಿಮೋಟಿನ ಮೂತಿಯಲ್ಲೊಂದು ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಅದನ್ನು ಟಿ.ವಿ. ಪಕ್ಕದಲ್ಲಿಟ್ಟು, ಕನ್ನಡಕಕ್ಕೆ ಎರಡು ಪುಟ್ಟ ದೀಪ ಕಟ್ಟಿ ಹಾಕಿಕೊಂಡ. ಅಷ್ಟಕ್ಕೇ ತೆರೆಯೆಂಬುದು ಕಿಟಕಿಯಾಗಿಬಿಟ್ಟಿತು. ಆ ದೃಶ್ಯ ಅಂತರಜಾಲದಲ್ಲಿ ಲಕ್ಷಾಂತರ ಮಂದಿಯನ್ನು ಚಕಿತಗೊಳಿಸಿತು. ವೀ ಕನ್ಸೋಲ್ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೂ ಲೀ ತೋರಿಸಿದ ಕಿಟಕಿ ಅದರ ಆಟಗಳ ವಾಡಿಕೆಯಾಗಲಿಲ್ಲ.

ಒಂದು ಕಾರಣ ಮೂಲೆಯ ಬೆಂಚಿನವನದೇ. ತೆರೆ ಒಬ್ಬನ ತಲೆಗೆ ಸರಿಯಾಗಿ ದೃಶ್ಯ ಬರೆದರೆ ಪಕ್ಕದಲ್ಲಿ ಕೂತ ತಂಗಿಗೆ, ಬಾಗಿಲಲ್ಲಿ ನಿಂತ ಅಪ್ಪನಿಗೆ ಅದು ಸೊಟ್ಟಗೆ ತೂಗಾಡುವ ಚಿತ್ರ. ಹಜಾರದ ಟಿ.ವಿ. ಎಲ್ಲರದು, ಕಿಟಕಿ ಮಾತ್ರ ಒಬ್ಬನದು.

ತೆರೆ ತಿರುಗುವುದಿಲ್ಲ

ಎರಡನೆಯ ತೊಡಕು ಇನ್ನೂ ಸರಳ. ನಾವು ತಲೆ ತಿರುಗಿಸುವುದೇ ಬೇರೆ ಕಡೆ ನೋಡಲು. ಆದರೆ ಟಿ.ವಿ. ಎದುರಿನ ಗೋಡೆಯಲ್ಲೇ ಇರುತ್ತದಲ್ಲ! 32 ಅಂಗುಲದ ಟಿ.ವಿ.ಯನ್ನು ಎಂಟು ಅಡಿ ದೂರದಿಂದ ನೋಡಿದರೆ ಅದು ನಮ್ಮ ಕಣ್ಣಿನಲ್ಲಿ ಸುಮಾರು 17 ಡಿಗ್ರಿ ಕೋನವನ್ನಷ್ಟೇ ತುಂಬುತ್ತದೆ. ಮನುಷ್ಯನ ನೋಟದ ಒಟ್ಟು ಹರವು ಸುಮಾರು 200 ಡಿಗ್ರಿ. ಕಾರಿನ ಬಲಗನ್ನಡಿ ನೋಡಲು ತಲೆಯನ್ನು ನಿಜವಾಗಿ ತಿರುಗಿಸಿದರೆ ಟಿ.ವಿ. ಕಣ್ಣಂಚಿಗೆ ಸರಿದುಹೋಗುತ್ತದೆ. ಆದ್ದರಿಂದ ತಲೆ ಹತ್ತು ಡಿಗ್ರಿ ತಿರುಗಿದರೆ ದೃಶ್ಯ ಐವತ್ತೋ ಅರವತ್ತೋ ಡಿಗ್ರಿ ತಿರುಗುವಂತೆ ಸಾಧನ ಹಿಗ್ಗಿಸುತ್ತದೆ. ಆಟಗಾರ ಮೂಗನ್ನು ಬಲಕ್ಕೆ ತಿರುಗಿಸಿ ಕಣ್ಣನ್ನು ಎಡಕ್ಕೆ ಎಳೆದು ಟಿ.ವಿ.ಯನ್ನೇ ನೋಡುತ್ತಿರಬೇಕು. ಇದು ಅಭ್ಯಾಸದಿಂದ ಬರುವ ವಿದ್ಯೆ.

ಅಭ್ಯಾಸ ಮಾಡುವ ತಾಳ್ಮೆ ಇರುವವರು ವಿಮಾನ ಹಾರಿಸುವ, ಕಾರು ಓಡಿಸುವ ಅನುಕರಣ ಆಟಗಳ ಭಕ್ತರು. ಅಮೆರಿಕದ ನ್ಯಾಚುರಲ್‌ಪಾಯಿಂಟ್ ಕಂಪನಿಯ ‘ಟ್ರ್ಯಾಕ್ ಐಆರ್’ ಎಂಬ ಸಾಧನ ಎರಡು ದಶಕಗಳಿಂದ ಇವರ ನಡುವೆ ಬಾಳಿದೆ. ಅದು ಗಣಕಕ್ಕೆ ಮಾಡಿದ್ದು. ಗಣಕದ ತೆರೆ ಮೊಳದೂರದಲ್ಲಿರುತ್ತದೆ, ನೋಡುವವನು ಒಬ್ಬನೇ. ಎರಡು ಕೈಯೂ ವಿಮಾನದ ಸನ್ನೆಗೋಲುಗಳ ಮೇಲಿರುವಾಗ ಸುತ್ತ ನೋಡಲು ತಲೆಯೇ ಬೇಕು. ಮೇಲಾಗಿ ಗಣಕ ತೆರೆದ ಬಾಗಿಲು: ‘ಓಪನ್‌ಟ್ರ್ಯಾಕ್’ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ಸಾಧಾರಣ ವೆಬ್ ಕ್ಯಾಮೆರಾದಿಂದ ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದನ್ನು ಮಾಡಿ ನೋಡಬಹುದು. ಕನ್ಸೋಲ್ ಹಾಗಲ್ಲ. ಅದರ ಒಡೆಯ ಒಪ್ಪದ ಸಾಧನಕ್ಕೆ ಅಲ್ಲಿ ಪ್ರವೇಶ ಕಷ್ಟ.

ಕೈನೆಕ್ಟ್ ಕಲಿಸಿದ ಪಾಠ

ಹಾಗಾದರೆ ಒಡೆಯನೇ ಒಪ್ಪಿ ತಂದರೆ? ಅದೂ ಆಗಿದೆ. ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ ‘ಕೈನೆಕ್ಟ್’ ಎಂಬ ಕ್ಯಾಮೆರಾ ಪಟ್ಟಿ ತಂದಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. 2013ರ ಫೆಬ್ರವರಿ ಹೊತ್ತಿಗೆ ಸಂಖ್ಯೆ 2 ಕೋಟಿ 40 ಲಕ್ಷ ಮುಟ್ಟಿತ್ತು. 2011ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್ 4’ ಆಟದಲ್ಲಿ ತಲೆ ತಿರುಗಿಸಿದರೆ ಚಾಲಕನ ನೋಟ ತಿರುಗುತ್ತಿತ್ತು. ಸೋನಿಯ ‘ಗ್ರಾನ್ ಟುರಿಸ್ಮೋ 5’ರಲ್ಲೂ ಕ್ಯಾಮೆರಾ ಬಳಸಿ ಇಂಥದೇ ಸೌಲಭ್ಯ ಕೊಟ್ಟಿದ್ದರು.

ಆದರೆ ಇವು ಊಟದೆಲೆಯ ಉಪ್ಪಿನಕಾಯಿಯಷ್ಟೇ. ತಲೆಯಾಡಿಸದಿದ್ದರೂ ರೇಸ್ ಗೆಲ್ಲಬಹುದಿತ್ತು. ಕೊಂಡವರು ಕೆಲವರೇ ಇರುವ ಸಾಧನಕ್ಕಾಗಿ ಆಟ ಬರೆಯುವ ಕಂಪನಿ ಹಣ ಹೂಡದು. ಆಟವಿಲ್ಲದ ಸಾಧನವನ್ನು ಜನ ಕೊಳ್ಳರು. ಈ ಗಂಟನ್ನು ಬಿಡಿಸಲೆಂದೇ ಮೈಕ್ರೋಸಾಫ್ಟ್ 2013ರ ಎಕ್ಸ್‌ಬಾಕ್ಸ್ ಒನ್ ಜೊತೆಗೆ ಕೈನೆಕ್ಟನ್ನು ಪೆಟ್ಟಿಗೆಯಲ್ಲೇ ಇಟ್ಟು 499 ಡಾಲರಿಗೆ ಮಾರಿತು. ಜನ ಎರಡು ಆಕ್ಷೇಪ ಎತ್ತಿದರು: ಪೈಪೋಟಿಯ ಪ್ಲೇಸ್ಟೇಷನ್ 4ಕ್ಕೆ 399 ಡಾಲರು ಮಾತ್ರ, ಮೇಲಾಗಿ ಹಜಾರದಲ್ಲಿ ಸದಾ ಕಣ್ಣು ತೆರೆದ ಕ್ಯಾಮೆರಾ ಯಾರಿಗೆ ಬೇಕು? 2014ರ ಜೂನ್‌ನಲ್ಲಿ ಕೈನೆಕ್ಟ್ ತೆಗೆದು ನೂರು ಡಾಲರು ಇಳಿಸಿದರು. 2017ರಲ್ಲಿ ತಯಾರಿಕೆಯೇ ನಿಂತಿತು.

ಇದಕ್ಕೆ ನಮ್ಮ ಮನೆಗಳ ಅಳತೆಯನ್ನೂ ಸೇರಿಸಿ. ಮೊದಲ ಕೈನೆಕ್ಟ್‌ಗೆ ಒಬ್ಬ ಆಡಲು ಟಿ.ವಿ.ಯಿಂದ ಆರು ಅಡಿ, ಇಬ್ಬರು ಆಡಲು ಎಂಟು ಅಡಿ ತೆರವು ಬೇಕಿತ್ತು. ಸೋಫಾ, ಟೀಪಾಯಿ, ದಿವಾನ ಇರುವ ಹಜಾರದಲ್ಲಿ ಆ ತೆರವಿಗಾಗಿ ಸಾಮಾನು ಸರಿಸಬೇಕಾದ ಆಟ ಎಷ್ಟು ದಿನ ನಡೆದೀತು?

ಕುಣಿಗಲ್ ಕುದುರೆಯ ಕಣ್ಣುಪಟ್ಟಿ

ತೆರೆ ತಿರುಗದಿದ್ದರೆ ತೆರೆಯನ್ನೇ ತಲೆಗೆ ಕಟ್ಟಿಬಿಡೋಣ ಎಂಬುದು ಇನ್ನೊಂದು ದಾರಿ. ಕುಣಿಗಲ್ ಎಂದರೆ ಕುದುರೆ ಫಾರ್ಮು. ರೇಸ್ ಕುದುರೆಗಳಿಗೆ ಕಟ್ಟುವ ಕಣ್ಣುಪಟ್ಟಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಸುಮಾರು 350 ಡಿಗ್ರಿ ಹರವನ್ನು ಕಾಣಬಲ್ಲ ಕುದುರೆಗೆ ಅಕ್ಕಪಕ್ಕದ ಲೋಕವನ್ನು ಮರೆಮಾಡಿ ಮುಂದಿನದಷ್ಟನ್ನೇ ಉಳಿಸುವುದು ಆ ಪಟ್ಟಿಯ ಕೆಲಸ. ವಿ.ಆರ್. ತಲೆಗವಸು ಮನುಷ್ಯನಿಗೆ ಮಾಡುವುದೂ ಅದನ್ನೇ. ಮನೆಯನ್ನು ಮರೆಸಿ ಆಟವನ್ನಷ್ಟೇ ಉಳಿಸುತ್ತದೆ. ಇಲ್ಲಿ ತಲೆಯ ಜಾಡು ಉಪ್ಪಿನಕಾಯಿಯಲ್ಲ, ಅನ್ನವೇ. ಅದಿಲ್ಲದೆ ಆಟವೇ ಇಲ್ಲ.

ಸೇಗಾ ಕಂಪನಿ 1993ರಲ್ಲೇ ಇಂಥದೊಂದನ್ನು ಪ್ರದರ್ಶಿಸಿತು, ಆದರೆ ಅದು ಅಂಗಡಿಗೆ ಬರಲೇ ಇಲ್ಲ. ತಲೆ ತಿರುಗಿದ ಮೇಲೆ ದೃಶ್ಯ ಸೆಕೆಂಡಿನ ಐವತ್ತರಲ್ಲೊಂದು ಭಾಗಕ್ಕಿಂತ ತಡವಾಗಿ ತಿರುಗಿದರೆ ಹೊಟ್ಟೆ ತೊಳಸತೊಡಗುತ್ತದೆ. ಕುಣಿಗಲ್ ಬಸ್ಸಿನಲ್ಲಿ ಕೂತು ಪತ್ರಿಕೆ ಓದಿದರೆ ಕೆಲವರಿಗೆ ಆಗುವುದೂ ಇದೇ: ಕಿವಿಯೊಳಗಿನ ಸಮತೋಲದ ಅಂಗ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತದೆ. ಈ ತೊಂದರೆ ಈಗ ಬಹಳ ತಗ್ಗಿದೆ. ಸೋನಿಯ ಪ್ಲೇಸ್ಟೇಷನ್ ವಿ.ಆರ್. 2016ರಲ್ಲಿ ಬಂದು 2019ರ ಕೊನೆಗೆ 50 ಲಕ್ಷ ಮಾರಾಟವಾಯಿತು. ಕನ್ಸೋಲ್ ಸಾಧನಗಳ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಅಷ್ಟರಲ್ಲಿ ಮಾರಾಟವಾಗಿದ್ದ ಪ್ಲೇಸ್ಟೇಷನ್ 4ರ ಸಂಖ್ಯೆ 10 ಕೋಟಿ 60 ಲಕ್ಷ. ನೂರಕ್ಕೆ ಐವರೂ ಕೊಳ್ಳಲಿಲ್ಲವೆಂದಾಯಿತು. 2023ರ ಫೆಬ್ರವರಿಯಲ್ಲಿ ಬಂದ ಎರಡನೆಯ ಆವೃತ್ತಿಗೆ ಸುಮಾರು 550 ಡಾಲರು. ಅದನ್ನು ಜೋಡಿಸಬೇಕಾದ ಪ್ಲೇಸ್ಟೇಷನ್ 5 ಅಮೆರಿಕದಲ್ಲಿ 500 ಡಾಲರಿಗೆ ಸಿಗುತ್ತಿದ್ದ ಕಾಲವದು. ಕುದುರೆಗಿಂತ ಕಣ್ಣುಪಟ್ಟಿಯೇ ದುಬಾರಿ!

ಈ ಏರಿಳಿತದ ಬಿಸಿ ಬೆಂಗಳೂರಿಗೂ ತಟ್ಟಿದೆ. 1997ರಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಅದನ್ನು 2017ರಲ್ಲಿ ಕೊಂಡ ಸ್ವೀಡನ್ನಿನ ಸ್ಟಾರ್‌ಬ್ರೀಜ್, ‘ಸ್ಟಾರ್ ವಿ.ಆರ್.’ ಎಂಬ ತಲೆಗವಸಿನ ಮೇಲೂ ಹಣ ಹೂಡಿತ್ತು. ಮನೆಗಳಿಗಿಂತ ಮನರಂಜನಾ ಕೇಂದ್ರಗಳನ್ನು ನೆಚ್ಚಿದ ಸಾಧನವದು. 2018ರ ಕೊನೆಗೆ ಸ್ಟಾರ್‌ಬ್ರೀಜ್ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿತು. 2019ರಲ್ಲಿ ಧ್ರುವ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು.

ಅಗ್ಗದ ದಾರಿಯೂ ಒಂದಿದೆ. 2023ರಲ್ಲಿ ಜಿಯೋ 1,299 ರೂಪಾಯಿಗೆ ‘ಜಿಯೋಡೈವ್’ ತಂದಿತು. ಮೊಬೈಲನ್ನೇ ಅದರೊಳಗಿಟ್ಟು ಕಣ್ಣಿಗೆ ಕಟ್ಟಿಕೊಂಡರೆ ಐ.ಪಿ.ಎಲ್. ಕ್ರೀಡಾಂಗಣದಲ್ಲಿ ಕೂತಂತೆ ಸುತ್ತ ನೋಡಬಹುದಿತ್ತು. ತಲೆಯ ಜಾಡು ಹಿಡಿದದ್ದು ಮೊಬೈಲಿನೊಳಗಿನ ಗೈರೋಸ್ಕೋಪ್. ಕೈಯಲ್ಲಿರುವ ವಸ್ತುವಿನೊಳಗೆ ಈ ಶಕ್ತಿ ಮೊದಲೇ ಅಡಗಿದ್ದರೆ ಖರ್ಚು ಎಷ್ಟು ಇಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಯಾರಿಗೆ ಇದು ಆಟವಲ್ಲ?

ಇಷ್ಟರವರೆಗೆ ನಾವು ಎರಡು ಕೈ ನೆಟ್ಟಗಿರುವವರ ಲೆಕ್ಕವನ್ನೇ ಹಾಕಿದೆವು. ಅವರಿಗೆ ಹೆಬ್ಬೆರಳಿನಿಂದ ಆಗುವ ಕೆಲಸವನ್ನು ತಲೆಯಿಂದ ಮಾಡುವುದು ಶೋಕಿ. ಹೆದ್ದಾರಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕುತ್ತಿಗೆಯ ಕೆಳಗೆ ಏನೂ ಆಡದ ಯುವಕನಿಗೆ, ಸ್ನಾಯುಕ್ಷಯದಿಂದ ಬೆರಳು ಸೋತ ಹುಡುಗಿಗೆ? ಅವರ ಪಾಲಿಗೆ ತಲೆಯೇ ಕೈ. ಹಜಾರದಲ್ಲಿ ಅಣ್ಣತಮ್ಮಂದಿರು ಆಡುವುದನ್ನು ನೋಡುತ್ತ ಕೂರುವುದಕ್ಕೂ ತಾನೂ ಒಂದು ಕೈ ಆಡುವುದಕ್ಕೂ ನಡುವೆ ಇರುವುದು ಈ ಸಾಧನ ಮಾತ್ರ.

ಗೂಗಲ್ 2023ರ ಮೇ ತಿಂಗಳಲ್ಲಿ ‘ಪ್ರಾಜೆಕ್ಟ್ ಗೇಮ್‌ಫೇಸ್’ ಎಂಬ ಉಚಿತ ತಂತ್ರಾಂಶ ಪ್ರಕಟಿಸಿತು. ಸ್ನಾಯುಕ್ಷಯದಿಂದ ಬಳಲುತ್ತಿದ್ದ ಲ್ಯಾನ್ಸ್ ಕಾರ್ ಎಂಬ ಅಮೆರಿಕದ ಆಟಗಾರ ಇದಕ್ಕೆ ಪ್ರೇರಣೆ. ಸಾಧಾರಣ ಕ್ಯಾಮೆರಾ ಸಾಕು. ತಲೆ ತಿರುಗಿದತ್ತ ತೆರೆಯ ಬಾಣ ಓಡುತ್ತದೆ, ಹುಬ್ಬೇರಿಸಿದರೋ ಬಾಯಿ ತೆರೆದರೋ ಗುಂಡಿ ಒತ್ತಿದಂತೆ. 2024ರಲ್ಲಿ ಆಂಡ್ರಾಯ್ಡ್ ಮೊಬೈಲುಗಳಿಗೂ ಇದು ಬಂತು. ಆಟದಾಚೆ ಓದು, ಉದ್ಯೋಗಗಳಿಗೆ ಬಳಸುವ ಬಗೆಯನ್ನು ಪರಿಶೀಲಿಸಲು ಭಾರತದ ‘ಇನ್‌ಕ್ಲೂಝಾ’ ಸಂಸ್ಥೆಯ ಜೊತೆ ಗೂಗಲ್ ಕೈಜೋಡಿಸಿತು. ಕನ್ಸೋಲ್‌ಗಳ ಬಾಗಿಲೂ ಸ್ವಲ್ಪ ತೆರೆದಿದೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ‘ಅಡಾಪ್ಟಿವ್ ಕಂಟ್ರೋಲರ್’ಗೆ ಬಗೆಬಗೆಯ ಸ್ವಿಚ್ಚುಗಳನ್ನು ಬೇಕಾದಂತೆ ಜೋಡಿಸಬಹುದು, ತಲೆಯ ಪಕ್ಕಕ್ಕಿಟ್ಟು ತಾಗಿಸಿ ಒತ್ತುವ ಸ್ವಿಚ್ಚೂ ಅದರಲ್ಲಿ ಸೇರೀತು. ಸೋನಿ 2023ರ ಡಿಸೆಂಬರ್‌ನಲ್ಲಿ ‘ಆಕ್ಸೆಸ್’ ಕಂಟ್ರೋಲರ್ ತಂದಿತು. ಆದರೆ ಕ್ಯಾಮೆರಾದ ಮೂಲಕ ತಲೆಯ ಚಲನೆಯನ್ನೇ ನೇರವಾಗಿ ಗ್ರಹಿಸುವ ಅನುಕೂಲ ಕನ್ಸೋಲ್‌ಗಳಲ್ಲಿ ಇನ್ನೂ ಮಾಮೂಲಾಗಿಲ್ಲ.

ತಲೆಗೊಂದು ಪ್ರತ್ಯೇಕ ಸಾಧನ ಮಾಡಿ, ಅದಕ್ಕೊಂದು ಬೆಲೆ ಕಟ್ಟಿ, ಹಜಾರದ ಟಿ.ವಿ. ಆಟಕ್ಕೆ ಮಾರುವ ವ್ಯಾಪಾರ ಇದುವರೆಗೆ ನೆಲೆ ನಿಂತಿಲ್ಲ, ಮುಂದೆ ನಿಲ್ಲುವ ಲಕ್ಷಣವೂ ಕಾಣದು. ಮಗ ಬೇಡಿದನೆಂದು ಸಾಲ ಮಾಡಿ ತಲೆಗವಸು ತರುವ ಮುನ್ನ ತಂದೆತಾಯಿಗಳು ಅದಕ್ಕೆ ಎಷ್ಟು ಆಟಗಳಿವೆ ಎಂದು ಒಮ್ಮೆ ಕೇಳಿ ನೋಡುವುದು ಲೇಸು. ಆದರೆ ಕನ್ಸೋಲ್ ಮಾಡುವವರು ಈ ಶಕ್ತಿಯನ್ನು ಪೆಟ್ಟಿಗೆಯೊಳಗೇ ಇಟ್ಟು, ಯಾವ ಸಾಧಾರಣ ಕ್ಯಾಮೆರಾದಿಂದಲಾದರೂ ನಡೆಯುವಂತೆ ಬಾಗಿಲು ತೆರೆದರೆ ಅವರಿಗೆ ಹೆಚ್ಚು ಖರ್ಚಾಗದು. ಆಗ ಎಷ್ಟು ಲಕ್ಷ ಮಾರಾಟವಾಯಿತು ಎಂದು ಕೇಳುವ ಅಗತ್ಯವಿರುವುದಿಲ್ಲ. ಇಷ್ಟು ದಿನ ಬರಿದೆ ನೋಡುತ್ತಿದ್ದವರಲ್ಲಿ ಎಷ್ಟು ಮಂದಿ ಆಟಕ್ಕೆ ಕೂತರು ಎಂದು ಕೇಳಿದರೆ ಸಾಕು.