ಬಾಗಿಲು ನಿಲ್ಲಲು ಸೊಸೆಯೇ ಬೇಕಿತ್ತೆ?

1537ರ ಹೊತ್ತಿಗೆ ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸುತ್ತಿದ್ದಾಗ ದಕ್ಷಿಣದ ಹೆಬ್ಬಾಗಿಲು ಮಾತ್ರ ನಿಲ್ಲಲೇ ಇಲ್ಲವಂತೆ. ಹಗಲೆಲ್ಲ ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು. ಗರ್ಭಿಣಿಯೊಬ್ಬಳ ಬಲಿ ಬೇಕೆಂದರು ಬಲ್ಲವರು. ಗೌಡರು ಒಪ್ಪಲಿಲ್ಲ. ತುಂಬುಗರ್ಭಿಣಿ ಸೊಸೆ ಲಕ್ಷ್ಮಮ್ಮ ನಡುರಾತ್ರಿ ಒಬ್ಬಳೇ ಹೋಗಿ ತನ್ನ ತಲೆಯನ್ನು ತಾನೇ ಕತ್ತರಿಸಿಕೊಂಡಳು. ಬೆಳಗಾದಾಗ ಬಾಗಿಲು ನಿಂತಿತ್ತು.

ಇದು ಐತಿಹ್ಯ. ಅವಳ ಸಮಾಧಿ ಇರುವುದು ಕೋರಮಂಗಲದಲ್ಲಿ. ಕೆಲಸದ ಸಂದರ್ಶನಕ್ಕೆಂದು ಅಲ್ಲಿಗೆ ಹೋಗಿದ್ದವಳು ಸಮಯವಿದ್ದುದರಿಂದ ಅದನ್ನೂ ನೋಡಿದೆ. ಸುತ್ತ ಕಾಫಿ ಅಂಗಡಿಗಳು, ಸ್ಟಾರ್ಟ್‌ಅಪ್ ಕಚೇರಿಗಳು, ಕೊರಳಿಗೆ ಐ.ಡಿ. ಕಾರ್ಡ್ ತೂಗಿಕೊಂಡು ಓಡಾಡುವ ನನ್ನ ವಯಸ್ಸಿನವರು. ಅವರಲ್ಲಿ ಎಷ್ಟು ಮಂದಿಗೆ ಈ ಕಥೆ ಗೊತ್ತೋ!

ಸಮಾಧಿಯ ಮುಂದೆ ನಿಂತಾಗ ನೆನಪಾದದ್ದು ಪಿಯುಸಿಯಲ್ಲಿ ಮೇಷ್ಟ್ರು ಹೇಳಿದ್ದ ‘ಕೆರೆಗೆ ಹಾರ’ದ ಭಾಗೀರಥಿ. ಕೆರೆಗೆ ನೀರು ಬರಲು ಅಲ್ಲೂ ಸೊಸೆಯೇ ಬೇಕಾಯಿತು. ಅವಳನ್ನು ಮನೆಯವರೇ ಆರಿಸಿದರು. ಲಕ್ಷ್ಮಮ್ಮ ತಾನಾಗಿ ಹೋದಳು. ‘ತಾನಾಗಿ’ ಎಂಬ ಆ ಪದವೇ ನನ್ನನ್ನು ಹೆಚ್ಚು ಕಾಡುತ್ತದೆ. ಅವಳು ಏನು ಅಂದುಕೊಂಡು ಹೊರಟಳೆಂದು ನಾನು ಕೇಳಿದ ಕಥೆ ಹೇಳುವುದಿಲ್ಲ.

ಅಂದಿನ ಸಂದರ್ಶನದಲ್ಲಿ ನನಗೆ ಬಂದ ಮೊದಲ ಪ್ರಶ್ನೆ, ‘ಮದುವೆ ಯಾವಾಗ? ಮಗು ಆದ್ಮೇಲೆ ಕೆಲಸ ಬಿಡ್ತೀರಾ?’ ನನ್ನ ಹಿಂದೆ ಕೂತಿದ್ದ ಹುಡುಗನಿಗೆ ಕೇಳಿದ್ದು ಜಾವಾ ಬಗ್ಗೆ. ‘ಅದಕ್ಕೂ ಈ ಕೆಲಸಕ್ಕೂ ಏನು ಸಂಬಂಧ ಸರ್?’ ಅಂದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಮರುದಿನ ಕೆ.ಆರ್. ಮಾರುಕಟ್ಟೆ ಬಳಿಯ ಕೋಟೆಗೂ ಹೋದೆ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಸುಪಾಸು. ಕೆಂಪೇಗೌಡರ ಕಾಲದ್ದು ಮಣ್ಣಿನ ಕೋಟೆ; ಹೈದರಾಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರಂದು ಇಂಗ್ಲಿಷರು ಎಲ್ಲಿ ಗೋಡೆ ಒಡೆದು ನುಗ್ಗಿದರೆಂದು ತಿಳಿಸುವ ಫಲಕ ಇಲ್ಲಿದೆ. ಎಷ್ಟು ಕರಾರುವಾಕ್ಕು! ತಿಂಗಳು, ತಾರೀಕು ಸಮೇತ. ಲಕ್ಷ್ಮಮ್ಮ ಸತ್ತದ್ದು ಯಾವ ರಾತ್ರಿ ಎಂದು ಮಾತ್ರ ಯಾರೂ ಬರೆದಿಡಲಿಲ್ಲ. ಅವಳು ಯಾವುದಕ್ಕಾಗಿ ಸತ್ತಳೋ ಆ ಹೆಬ್ಬಾಗಿಲೂ ಈಗಿಲ್ಲ.

ಮಾರುಕಟ್ಟೆಯ ಮೆಟ್ರೊ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು. ನೋಡಿದವರು ಅಲ್ಲಿಂದ ಬಸ್ಸು ಹಿಡಿದು ಕೋರಮಂಗಲಕ್ಕೂ ಒಮ್ಮೆ ಹೋಗಿಬನ್ನಿ.