ಬುವೆ ದ್ವೀಪದ ಜೊತೆ ಐದು ಸೆಕೆಂಡು

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಾರ್ವೆಗೆ ಸೇರಿದ ಬುವೆ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 49 ಚದರ ಕಿ.ಮೀ.; ಬಹುಪಾಲು ಹಿಮದ ಕೆಳಗೆ ಮುಚ್ಚಿಹೋಗಿದೆ. ಜನವಸತಿ ಇಲ್ಲ, ಬಂದರೂ ಇಲ್ಲ. ಆದರೆ ಅಲ್ಲಿಂದ ಒಂದು ರೇಡಿಯೊ ದನಿ ಹೊರಟರೆ ಸಾಕು, ಜಗತ್ತಿನ ಸಾವಿರಾರು ಹವ್ಯಾಸಿ ರೇಡಿಯೊ ಆಪರೇಟರುಗಳು, ಅಂದರೆ ಹ್ಯಾಮ್‌ಗಳು, ನಿದ್ದೆಗೆಟ್ಟು ಸೆಟ್ ಮುಂದೆ ಕೂರುತ್ತಾರೆ. 2018ರಲ್ಲಿ ಹೋದ ತಂಡವೊಂದು ದ್ವೀಪದ ಹತ್ತಿರ ತಲುಪಿಯೂ ಇಳಿಯಲಾಗದೆ ಹಿಂದಿರುಗಿತು. ಮೊದಲು ಹವಾಮಾನ ಕೈಕೊಟ್ಟಿತು, ಆಮೇಲೆ ಹಡಗಿನ ಎಂಜಿನ್. 2023ರ ಫೆಬ್ರುವರಿಯಲ್ಲಿ ಇನ್ನೊಂದು ತಂಡ ಸಾಮಾನುಗಳನ್ನು ಹಗ್ಗ ಕಟ್ಟಿ ಅಲೆಗಳ ನಡುವೆ ದಡಕ್ಕೆ ಎಳೆದುಕೊಂಡು, ಕಡಿಮೆ ವಿದ್ಯುತ್ತಿನಲ್ಲೇ ನಿಲ್ದಾಣ ಹೂಡಿತು. ಅದಕ್ಕೆ ದಕ್ಕಿದ್ದು ಸುಮಾರು 19 ಸಾವಿರ ಸಂಪರ್ಕ.

ಇಷ್ಟೆಲ್ಲ ಏಕೆ? ದೂರದ ನಿಲ್ದಾಣಗಳನ್ನು ಮಾತಾಡಿಸುವುದಕ್ಕೆ ಹ್ಯಾಮ್‌ಗಳು ‘ಡಿಎಕ್ಸ್’ ಎನ್ನುತ್ತಾರೆ. ಅಮೆರಿಕದ ರೇಡಿಯೊ ರಿಲೇ ಲೀಗ್ 1937ರಲ್ಲಿ ಆರಂಭಿಸಿದ ‘ಡಿಎಕ್ಸ್‌ಸಿಸಿ’ ಪ್ರಶಸ್ತಿಗೆ ನೂರು ಪ್ರದೇಶಗಳ ಜೊತೆ ಮಾತಾಡಿರಬೇಕು. ಪಟ್ಟಿಯಲ್ಲಿ ಈಗ 340 ಪ್ರದೇಶಗಳಿವೆ. ಮೊದಲ ನೂರು ಸರಾಗ. ಕೊನೆಯ ಹತ್ತಿಪ್ಪತ್ತಕ್ಕೆ ಆಯುಷ್ಯವೇ ಸಾಲದು. ಬುವೆಯಲ್ಲಿ ಜನರೇ ಇಲ್ಲ. ಉತ್ತರ ಕೊರಿಯಾದಲ್ಲಿ ಜನರಿದ್ದಾರೆ, ಅನುಮತಿ ಇಲ್ಲ.

ನಮ್ಮ ಅಂಡಮಾನ್ ಕೂಡ ಒಂದು ಕಾಲಕ್ಕೆ ಹೀಗೇ ಅಪರೂಪದ್ದಾಗಿತ್ತು. 1987ರ ನಂತರ ಅಲ್ಲಿಂದ ಹ್ಯಾಮ್ ದನಿ ಕೇಳಿದ್ದು 2004ರ ಡಿಸೆಂಬರ್‌ನಲ್ಲಿ, ಭಾರತಿ ಪ್ರಸಾದ್ ನೇತೃತ್ವದ ತಂಡ ಪೋರ್ಟ್ ಬ್ಲೇರ್‌ನಿಂದ ಪ್ರಸಾರ ಶುರುಮಾಡಿದಾಗ. ಸಾವಿರಾರು ಸಂಪರ್ಕ ಮುಗಿಸಿದ್ದಾಗಲೇ 26ರ ಬೆಳಿಗ್ಗೆ ಸುನಾಮಿ ಬಂತು. ದ್ವೀಪದ ಫೋನುಗಳು ಸತ್ತವು. ಪ್ರಶಸ್ತಿಗಾಗಿ ಹೂಡಿದ್ದ ಅದೇ ರೇಡಿಯೊಗಳು ಆಮೇಲೆ ಬದುಕುಳಿದವರ ಸುದ್ದಿಯನ್ನು ಮನೆಗಳಿಗೆ ಮುಟ್ಟಿಸಿದವು.

ಇನ್ನು ಅಪರೂಪದ ನಿಲ್ದಾಣವನ್ನು ಹಿಡಿಯುವ ಕಸರತ್ತಿಗೆ ಬರೋಣ. ಒಂದೇ ನಿಲ್ದಾಣವನ್ನು ನೂರಾರು ಜನ ಒಟ್ಟಿಗೆ ಕೂಗುವ ಗದ್ದಲಕ್ಕೆ ಹ್ಯಾಮ್‌ಗಳು ‘ಪೈಲ್ ಅಪ್’ ಅನ್ನುತ್ತಾರೆ. ದ್ವೀಪದವನು 14.195 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಾನೆ, ‘ಅಪ್ ಫೈವ್ ಟು ಟೆನ್’ ಎನ್ನುತ್ತಾನೆ. ತಾನು ಕೇಳಿಸಿಕೊಳ್ಳುವುದು ಐದರಿಂದ ಹತ್ತು ಕಿಲೋಹರ್ಟ್ಸ್ ಮೇಲೆ ಎಂದು ಅದರರ್ಥ. ಹೊಸಬರು ಇದನ್ನು ಗಮನಿಸದೆ ಅವನ ತಲೆಯ ಮೇಲೇ ಕೂಗುತ್ತಾರೆ. ಅವರನ್ನು ‘ಅಪ್, ಅಪ್!’ ಎಂದು ಗದರಿಸಲು ಒಂದಷ್ಟು ಸ್ವಯಂಘೋಷಿತ ಪೊಲೀಸರು ಹಾಜರಾಗುತ್ತಾರೆ. ಪೊಲೀಸರ ಗಲಾಟೆಯಲ್ಲಿ ದ್ವೀಪದವನ ದನಿಯೇ ಮುಳುಗುತ್ತದೆ.

ಪಳಗಿದವನು ಮೊದಲು ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ಈಗಷ್ಟೇ ಉತ್ತರ ಪಡೆದವನು ಯಾವ ಆವರ್ತನದಲ್ಲಿ ಕೂಗಿದ್ದ ಎಂದು ಎರಡನೆಯ ಡಯಲ್ ತಿರುಗಿಸಿ ಹುಡುಕುತ್ತಾನೆ. ಇನ್ನೊಬ್ಬನದ್ದೂ ಸಿಕ್ಕರೆ, ಆಪರೇಟರ್ ಮೇಲಕ್ಕೆ ಸರಿಯುತ್ತಿದ್ದಾನೋ ಕೆಳಕ್ಕೋ ತಿಳಿಯುತ್ತದೆ. ಜಾತ್ರೆಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಬಲ್ಲವನು ಮೊದಲೇ ಅಲ್ಲಿ ನಿಂತು ಕಿಟಕಿಯಿಂದ ಟವೆಲ್ ಹಾಕುತ್ತಾನಲ್ಲ, ಹಾಗೆ ಒಂದು ಹೆಜ್ಜೆ ಮುಂದಿನ ಜಾಗದಲ್ಲಿ ತನ್ನ ಕರೆಸಂಕೇತವನ್ನು ಒಂದೇ ಸಲ ಹೇಳಿ ಸುಮ್ಮನಾಗುತ್ತಾನೆ. ಉತ್ತರ ಬಂದರೆ ‘ಫೈವ್ ನೈನ್ (ದನಿ ಚೆನ್ನಾಗಿ ಕೇಳುತ್ತಿದೆ), ಥ್ಯಾಂಕ್ಯೂ’. ಐದು ಸೆಕೆಂಡಿನಲ್ಲಿ ಕೆಲಸ ಮುಗಿಯಿತು.

ಗದ್ದಲ ಮಿತಿಮೀರಿದರೆ ಆಪರೇಟರ್ ಕರೆಸಂಕೇತದ ಅಂಕಿ ಹಿಡಿದು ಕರೆಯುತ್ತಾನೆ: ಈಗ ಒಂದು, ಆಮೇಲೆ ಎರಡು. ನಮ್ಮವರ ಸಂಕೇತಗಳು ಹೆಚ್ಚಾಗಿ ‘ವಿಯು2’, ‘ವಿಯು3’ ಎಂದೇ ಶುರುವಾಗುವುದರಿಂದ ಆ ಎರಡು ಸರದಿ ತಪ್ಪಿದರೆ ಮತ್ತೆ ಕಾಯಬೇಕು. ಅಷ್ಟರಲ್ಲಿ ಹೊತ್ತು ಸರಿದು, ನಮ್ಮ ದನಿಯನ್ನು ಆಕಾಶದಿಂದ ಪುಟಿಸಿ ಕಳಿಸುವ ಅಯಾನುಗೋಲ ಕೈಬಿಟ್ಟರೆ ಎಂಥ ಆಂಟೆನಾ ಇದ್ದರೂ ಅಷ್ಟೇ. ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನು ಹ್ಯಾಮ್‌ಗಳು ಪಂಚಾಂಗದವರಷ್ಟೇ ಶ್ರದ್ಧೆಯಿಂದ ನೋಡುವುದು ಇದಕ್ಕೇ.

2017ರಲ್ಲಿ ಬಂದ ‘ಎಫ್‌ಟಿ8’ ಈ ಆಟವನ್ನು ಬದಲಿಸಿದೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆಗೂಡಿ ರೂಪಿಸಿದ ಕ್ರಮ ಇದು. ಹದಿನೈದು ಸೆಕೆಂಡಿನ ತುಣುಕುಗಳಲ್ಲಿ, ಕಿವಿಗೆ ಕೇಳಿಸದಷ್ಟು ಕ್ಷೀಣ ಸಂಕೇತವನ್ನೂ ಕಂಪ್ಯೂಟರ್ ಓದುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ತಂತಿ ಕಟ್ಟಿಕೊಂಡವರಿಗೆ ಇದೊಂದು ವರ, ನಿರಾಕರಿಸುವುದು ಅಹಂಕಾರವಾದೀತು. ಆದರೂ ಗದ್ದಲದ ನಡುವೆ ತನ್ನ ಹೆಸರನ್ನು ಕಿವಿಯಾರೆ ಕೇಳುವ ಸುಖ ಪರದೆಯ ಮೇಲಿನ ಸಾಲಿಗೆ ಬರುವುದಿಲ್ಲ ಎಂಬ ಹಳಬರ ಮಾತಿಗೆ ನನ್ನದೂ ಸಹಮತ.

ಪ್ರಸಾರ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಬೇತಿ ಕೊಡುತ್ತದೆ. ಅದಕ್ಕೂ ಮೊದಲು ಪೈಲ್ ಅಪ್ ಹೇಗಿರುತ್ತದೆಂದು ಕೇಳಬೇಕೆನಿಸಿದರೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ‘ವೆಬ್‌ಎಸ್‌ಡಿಆರ್’ ರಿಸೀವರ್ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತ. 14 ಮೆಗಾಹರ್ಟ್ಸ್ ಸುತ್ತ ತಿರುಗಿಸಿ ನೋಡಿ.